ಲ್ಯಾಬಿನಿಂದ ಲ್ಯಾಬಿಗೆ: ಓದುಗರ ಪ್ರಶ್ನೆ, ಸಂಚಾರಿ ತಂತ್ರಜ್ಞೆಯ ಉತ್ತರ

ಕೆಲವು ತಿಂಗಳ ಒಪ್ಪಂದದ ಮೇಲೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹೋಗಿ ಕೆಲಸ ಮಾಡುವ ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದದ್ದೇ ತಡ, ಪತ್ರಗಳು ಸಾಲುಗಟ್ಟಿದವು. ನಾನೂ ಹಾಗೆಯೇ ಅಲೆದು ದುಡಿದವಳಾದ್ದರಿಂದ ಈ ಸಂಚಿಕೆಯನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ‘ಎಷ್ಟು ಸಂಬಳ?’ ಎಂದಷ್ಟೇ ಕೇಳಿದ ಪತ್ರಗಳನ್ನು ಪಕ್ಕಕ್ಕಿಟ್ಟಿದ್ದೇನೆ. ಆ ಪ್ರಶ್ನೆಗೆ ಈ ಒಪ್ಪಂದಗಳನ್ನು ಕುದುರಿಸುವ ಏಜೆನ್ಸಿಯವರು ನನಗಿಂತ ಉತ್ಸಾಹದಿಂದ ಉತ್ತರಿಸುತ್ತಾರೆ.

ಪ್ರಶ್ನೆ: ಐದು ವರ್ಷಗಳಿಂದ ಒಂದೇ ಆಸ್ಪತ್ರೆಯ ಬಯೋಕೆಮಿಸ್ಟ್ರಿ ವಿಭಾಗದಲ್ಲಿದ್ದೇನೆ. ಈಗ ಹೊರಗಿನ ಒಂದು ಆಸ್ಪತ್ರೆಯಲ್ಲಿ ಒಪ್ಪಂದದ ಕೆಲಸ ಸಿಕ್ಕಿದೆ. ಅಲ್ಲಿ ಪರಿಚಯ ಮಾಡಿಕೊಡುವುದು ಮೂರೇ ದಿನವಂತೆ. ಅಷ್ಟರಲ್ಲಿ ಹೊಸ ಅನಲೈಸರ್ (ಮಾದರಿಗಳನ್ನು ಪರೀಕ್ಷಿಸುವ ಯಂತ್ರ) ಕಲಿಯಲು ಸಾಧ್ಯವೇ?

ಅನಲೈಸರ್ ಕಲಿಯಲು ಮೂರು ದಿನ ಸಾಕು. ಲ್ಯಾಬನ್ನು ಕಲಿಯಲು ಸಾಲದು. ಹೊಸಬರು ಈ ಎರಡನ್ನೂ ಒಂದೇ ಎಂದುಕೊಂಡು ಮೂರು ದಿನವನ್ನೂ ಯಂತ್ರದ ಮುಂದೆಯೇ ಕಳೆಯುತ್ತಾರೆ.

ಯಾವ ಕಂಪನಿಯ ಯಂತ್ರವಾದರೂ ಮಾಡುವ ಕೆಲಸ ಹೆಚ್ಚುಕಡಿಮೆ ಒಂದೇ. ರೀಏಜೆಂಟ್ (ಪರೀಕ್ಷೆಯ ರಾಸಾಯನಿಕ) ತುಂಬಬೇಕು, ಕ್ಯಾಲಿಬ್ರೇಟ್ ಮಾಡಬೇಕು, ಕಂಟ್ರೋಲ್ (ಎಷ್ಟು ಬರಬೇಕೆಂದು ಮೊದಲೇ ಗೊತ್ತಿರುವ ಮಾದರಿ) ಓಡಿಸಬೇಕು, ಸೂಜಿ ಕಟ್ಟಿಕೊಂಡರೆ ಬಿಡಿಸಬೇಕು. ಗುಂಡಿ ಎಲ್ಲಿದೆ ಎಂಬುದು ಕೈಗೆ ತಾನಾಗಿ ಅಭ್ಯಾಸವಾಗುತ್ತದೆ. ಪರದೆಯ ಮೇಲೆ ಕಾಣದ ಸಂಗತಿಗಳು ಬೇರೆ ಇವೆ. ಪೊಟ್ಯಾಸಿಯಂ ಎಷ್ಟಕ್ಕೆ ಏರಿದರೆ ಇಲ್ಲಿ ವಾರ್ಡಿಗೆ ಫೋನ್ ಮಾಡುತ್ತಾರೆ? ಮಾಡಿದಾಗ ಯಾರ ಕೈಗೆ ಸಿಗಬೇಕು, ದಾದಿಗೆ ಹೇಳಿದರೆ ಸಾಕೇ, ವೈದ್ಯರಿಗೇ ಹೇಳಬೇಕೇ? ಕೆಂಪುಕಣ ಒಡೆದ ಮಾದರಿಯನ್ನು ಯಾವ ಮಟ್ಟದಿಂದ ತಿರಸ್ಕರಿಸುತ್ತಾರೆ? ಯಾವ ಫಲಿತಾಂಶಗಳು ಮನುಷ್ಯರ ಕಣ್ಣಿಗೆ ಬೀಳದೆ ಕಂಪ್ಯೂಟರಿನಿಂದಲೇ ನೇರವಾಗಿ ಹೊರಟುಹೋಗುತ್ತವೆ? ಕಂಪ್ಯೂಟರ್ ಸ್ಥಗಿತಗೊಂಡರೆ ಕಾಗದದ ನಮೂನೆಗಳು ಯಾವ ಕಪಾಟಿನಲ್ಲಿವೆ? ಇವಕ್ಕೆ ಒಂದೊಂದು ಲ್ಯಾಬಿನಲ್ಲಿ ಒಂದೊಂದು ಉತ್ತರ. ಮೊದಲ ದಿನವೇ ಎಸ್‌ಒಪಿ (ಆ ಲ್ಯಾಬಿನ ಲಿಖಿತ ಕಾರ್ಯವಿಧಾನ) ಕಡತ ತೆರೆದು ಇವನ್ನು ಹುಡುಕಿ. ಕಡತದಲ್ಲಿ ಸಿಗದಿದ್ದರೆ ನಾಚಿಕೆಯಿಲ್ಲದೆ ಕೇಳಿ. ಮೊದಲ ದಿನ ಕೇಳಿದವರನ್ನು ಯಾರೂ ದಡ್ಡರೆನ್ನುವುದಿಲ್ಲ. ಮೂರನೇ ವಾರ ಕೇಳಿದರೆ ಹುಬ್ಬು ಮೇಲೇರುತ್ತದೆ.

ಇನ್ನೊಂದು ಮಾತು ನಿಮಗೇ ವಿಶೇಷವಾಗಿ ಹೇಳಬೇಕು, ಏಕೆಂದರೆ ನೀವು ಐದು ವರ್ಷ ಒಂದೇ ಕಡೆ ಇದ್ದವರು. ನಿಮ್ಮ ತಲೆಯಲ್ಲಿ ಕೆಲವು ಅಂಕಿಗಳು ಗಟ್ಟಿಯಾಗಿ ಕೂತಿವೆ. ‘ಇದು ಹೆಚ್ಚು, ಇದು ಕಡಿಮೆ’ ಎಂದು ಕಣ್ಣು ತಾನಾಗಿಯೇ ಹೇಳುತ್ತದೆ. ಹೊಸ ಜಾಗದಲ್ಲಿ ಆ ಕಣ್ಣನ್ನು ಸ್ವಲ್ಪ ಕಾಲ ನಂಬಬೇಡಿ. ಹೃದಯಾಘಾತದ ಅನುಮಾನ ಬಂದಾಗ ಮಾಡುವ ಟ್ರೋಪೊನಿನ್ ಪರೀಕ್ಷೆಯನ್ನೇ ನೋಡಿ. ಕೆಲವು ವಿಧಾನಗಳು ಟ್ರೋಪೊನಿನ್ ಟಿ ಅಳೆಯುತ್ತವೆ, ಕೆಲವು ಟ್ರೋಪೊನಿನ್ ಐ. ಐ ಅಳೆಯುವ ವಿಧಾನಗಳಲ್ಲೂ ಒಂದು ಕಂಪನಿಯ ಅಂಕಿಯನ್ನು ಇನ್ನೊಂದು ಕಂಪನಿಯ ಅಂಕಿಯ ಪಕ್ಕ ಇಟ್ಟು ಹೋಲಿಸಲಾಗದು. ಪ್ರತಿ ವಿಧಾನಕ್ಕೂ ಅದರದೇ ಗಡಿರೇಖೆ ಇರುತ್ತದೆ. ಸಾಲದ್ದಕ್ಕೆ ಹಳೆಯ ವಿಧಾನದಲ್ಲಿ ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಂ ಎಂದು ಬರೆದರೆ, ಹೊಸ ಹೈ ಸೆನ್ಸಿಟಿವಿಟಿ ವಿಧಾನದಲ್ಲಿ ಲೀಟರಿಗೆ ಇಷ್ಟು ನ್ಯಾನೊಗ್ರಾಂ ಎನ್ನುತ್ತಾರೆ. ಅಲ್ಲಿನ 0.04 ಎಂದರೆ ಇಲ್ಲಿನ 40. ದೇಶ ಬದಲಾದರಂತೂ ಗ್ಲೂಕೋಸ್ ಸಹ ಬದಲಾಗುತ್ತದೆ: ಡೆಸಿಲೀಟರಿಗೆ 90 ಮಿಲಿಗ್ರಾಂ ಇದ್ದದ್ದು ಲೀಟರಿಗೆ 5 ಮಿಲಿಮೋಲ್ ಆಗುತ್ತದೆ. ಕ್ರಿಯಾಟಿನಿನ್ ಒಂದು ಮಿಲಿಗ್ರಾಂ ಇದ್ದದ್ದು 88 ಮೈಕ್ರೋಮೋಲ್ ಆಗಿ ಕಣ್ಣು ಕುಕ್ಕುತ್ತದೆ.

ಅಂಕಿಯನ್ನು ನೋಡುವ ಮುನ್ನ ಅದರ ಪಕ್ಕದಲ್ಲಿರುವ ಏಕಮಾನವನ್ನೂ ಸಹಜ ವ್ಯಾಪ್ತಿಯನ್ನೂ ನೋಡುವ ಅಭ್ಯಾಸ ಮಾಡಿಕೊಳ್ಳಿ. ಒಂದೇ ಕಡೆ ಇದ್ದವರಿಗೆ ಈ ಅಭ್ಯಾಸ ತಪ್ಪಿಹೋಗಿರುತ್ತದೆ.

ಪ್ರಶ್ನೆ: ಹೊಸ ಜಾಗದಲ್ಲಿ ‘ನಮ್ಮ ಹಳೆಯ ಆಸ್ಪತ್ರೆಯಲ್ಲಿ ಹೀಗೆ ಮಾಡುತ್ತಿದ್ದೆವು’ ಎಂದರೆ ಸಹೋದ್ಯೋಗಿಗಳ ಮುಖ ಸಿಂಡರಿಸುತ್ತದೆ. ಒಳ್ಳೆಯದನ್ನು ಹೇಳಿದರೂ ತಪ್ಪೇ?

ಹೇಳುವುದು ತಪ್ಪಲ್ಲ, ‘ನಮ್ಮ ಹಳೆಯ ಆಸ್ಪತ್ರೆ’ ಎಂಬ ಪೀಠಿಕೆ ತಪ್ಪು. ನಿಮಗೆ ಮೊದಲು ಬಂದುಹೋದ ಪ್ರತಿಯೊಬ್ಬ ಸಂಚಾರಿಯೂ ಅದೇ ಪೀಠಿಕೆ ಹಾಕಿರುತ್ತಾನೆ. ಅಲ್ಲಿನ ಕಾಯಂ ನೌಕರರು ಅದನ್ನು ಕೇಳಿ ಕೇಳಿ ಸೋತಿದ್ದಾರೆ. ಎಷ್ಟೋ ಕಡೆ ಅವರು ತಿಂಗಳುಗಟ್ಟಲೆ ಖಾಲಿ ಹುದ್ದೆಗಳ ಹೊರೆಯನ್ನೂ ಹೊತ್ತಿರುತ್ತಾರೆ; ಅದಕ್ಕೇ ತಾನೇ ನಿಮ್ಮನ್ನು ಕರೆಸಿದ್ದು. ಜೊತೆಗೆ ನಿಮ್ಮ ಸಂಬಳ ತಮ್ಮದಕ್ಕಿಂತ ಹೆಚ್ಚು ಎಂಬ ಗುಮಾನಿ ಬೇರೆ.

ಮೊದಲೆರಡು ವಾರ ಅವರ ರೀತಿಯಲ್ಲೇ ಮಾಡಿ, ರೋಗಿಗೆ ಅಪಾಯವಾಗುವ ಸಂಗತಿಯನ್ನು ಮಾತ್ರ ಬಿಟ್ಟು. ಅಂಥದ್ದು ಕಂಡರೆ ಅದೇ ಕ್ಷಣ ಹೇಳಿ. ಹೇಳುವಾಗ ಅಲ್ಲಿನ ಫಲಿತಾಂಶವನ್ನೇ ಮುಂದಿಟ್ಟು ಹೇಳಿ. ಒಂದು ಕಡೆ ಒಂದೇ ವಾರ್ಡಿನಿಂದ ಆಗಾಗ ಪೊಟ್ಯಾಸಿಯಂ ಏರಿದ ಮಾದರಿಗಳು ಬರುತ್ತಿದ್ದವು. ಕೆಂಪುಕಣ ಒಡೆದಿರಲಿಲ್ಲ, ಸೀರಂ ತಿಳಿಯಾಗಿಯೇ ಇತ್ತು. ಎಲ್ಲರೂ ಮೂತ್ರಪಿಂಡದ ರೋಗಿಗಳಿರಬೇಕೆಂದು ಸುಮ್ಮನಿದ್ದರು. ನಾನು ಅದೇ ಮಾದರಿಗಳ ಕ್ಯಾಲ್ಸಿಯಂ ಮತ್ತು ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ ಅಂಕಿ ನೋಡಿದೆ. ಎರಡೂ ನಂಬಲಾಗದಷ್ಟು ಕೆಳಗಿದ್ದವು. ಪೊಟ್ಯಾಸಿಯಂ ಮೇಲೆ, ಕ್ಯಾಲ್ಸಿಯಂ ಕೆಳಗೆ ಎಂದರೆ ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಇನ್ನೊಂದು ಟ್ಯೂಬಿಗೆ ಸೇರಿದೆ ಎಂದೇ ಮೊದಲು ಅನುಮಾನಿಸಬೇಕು. ಆ ರಾಸಾಯನಿಕ ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ, ಕ್ಯಾಲ್ಸಿಯಮ್ಮನ್ನು ಹಿಡಿದಿಟ್ಟುಕೊಳ್ಳುತ್ತದೆ. ವಾರ್ಡಿನಲ್ಲಿ ಯಾರೋ ನೇರಳೆ ಟ್ಯೂಬನ್ನು ಮೊದಲು ತುಂಬುತ್ತಿದ್ದರು, ಕೆಲವೊಮ್ಮೆ ಸಾಲದ ರಕ್ತವನ್ನು ಒಂದರಿಂದ ಇನ್ನೊಂದಕ್ಕೆ ಸುರಿಯುತ್ತಿದ್ದರು. ನಾನು ಹಳೆಯ ಆಸ್ಪತ್ರೆಯ ಸುದ್ದಿ ಎತ್ತಲೇ ಇಲ್ಲ. ಮೂರು ಅಂಕಿಗಳನ್ನು ಪಕ್ಕಪಕ್ಕ ಬರೆದು ಮೇಲ್ವಿಚಾರಕಿಯ ಮೇಜಿನ ಮೇಲಿಟ್ಟೆ. ಯಾರ ಮುಖವೂ ಸಿಂಡರಿಸಲಿಲ್ಲ.

ಪ್ರಶ್ನೆ: ಮಗಳು ಮೂರು ತಿಂಗಳಿಗೊಮ್ಮೆ ಊರು ಬದಲಿಸುತ್ತಾಳೆ. ‘ಎಲ್ಲಿಯೂ ನಿಲ್ಲುತ್ತಿಲ್ಲವೇ?’ ಎಂದು ಪರಿಚಿತರು ಕೇಳುತ್ತಾರೆ. ತಾಯಿಯಾಗಿ ಏನು ಹೇಳಲಿ?

ಒಪ್ಪಂದ ಮುಗಿಯುತ್ತದೆ, ಅದಕ್ಕೆ ಹೊರಡುತ್ತಾಳೆ ಎನ್ನಿ. ಎಷ್ಟೋ ಸಲ ಆಸ್ಪತ್ರೆಯವರು ‘ಇನ್ನೊಂದು ಅವಧಿ ಇರಿ’ ಎಂದು ಕೇಳಿಕೊಂಡಿರುತ್ತಾರೆ. ಮಗಳು ನಿಮಗೆ ಹೇಳಿರಲಿಕ್ಕಿಲ್ಲ. ಪರಿಚಿತರ ಸಮಾಧಾನಕ್ಕಾಗಿ ಅವಳು ಕಾಯಂ ಕೆಲಸ ಹಿಡಿಯಬೇಕಿಲ್ಲ, ತಾಯಿ. ಆದರೆ ಒಂದು ವಿಷಯ ನೀವೇ ಕೇಳಿ: ಒಂದು ಒಪ್ಪಂದಕ್ಕೂ ಇನ್ನೊಂದಕ್ಕೂ ನಡುವೆ ಆರೋಗ್ಯ ವಿಮೆ ಇದೆಯೇ? ಈ ಪ್ರಶ್ನೆ ಅವಳಿಗೆ ಇಷ್ಟವಾಗದಿದ್ದರೆ ಉತ್ತರ ನಿಮಗೆ ಗೊತ್ತಾಗುತ್ತದೆ.

ಪ್ರಶ್ನೆ: ಹೊಸ ಆಸ್ಪತ್ರೆಯಲ್ಲಿ ಎರಡನೇ ವಾರದಿಂದಲೇ ರಾತ್ರಿ ಪಾಳಿಯಲ್ಲಿ ರಕ್ತನಿಧಿಯನ್ನು ಒಬ್ಬನೇ ನೋಡಿಕೊಳ್ಳಬೇಕು ಎಂದಿದ್ದಾರೆ. ರಕ್ತದ ಹೊಂದಾಣಿಕೆ ನೋಡಲು ನಾನು ಕಲಿತದ್ದೆಲ್ಲ ಜೆಲ್ ಕಾರ್ಡ್ ವಿಧಾನ. ಅಲ್ಲಿ ಇನ್ನೂ ಟ್ಯೂಬ್ ವಿಧಾನವಿದೆ. ಬೇಡ ಎಂದರೆ ಕೆಲಸ ಹೋಗುತ್ತದೆಯೇ ಎಂಬ ಭಯ.

ಬೇಡ ಎನ್ನಬೇಡಿ. ‘ಟ್ಯೂಬ್ ವಿಧಾನದಲ್ಲಿ ನನ್ನ ತರಬೇತಿ ದಾಖಲಾಗುವವರೆಗೆ ಒಬ್ಬನೇ ಮಾಡಲಾರೆ’ ಎನ್ನಿ. ಎರಡಕ್ಕೂ ದೊಡ್ಡ ವ್ಯತ್ಯಾಸವಿದೆ. ಮೊದಲನೆಯದನ್ನು ಹಠ ಎಂದುಕೊಳ್ಳಬಹುದು. ಎರಡನೆಯದು ಗುಣಮಟ್ಟದ ನಿಯಮ. ತರಬೇತಿ ದಾಖಲೆಯಿಲ್ಲದವರ ಕೈಯಿಂದ ರೋಗಿಯ ವರದಿ ಹೊರಡಬಾರದೆಂದು ಅವರ ಕಡತದಲ್ಲೇ ಬರೆದಿರುತ್ತದೆ. ಅದನ್ನು ಮಿಂಚಂಚೆಯಲ್ಲಿ ಬರೆಯಿರಿ, ಏಜೆನ್ಸಿಗೂ ಪ್ರತಿ ಕಳುಹಿಸಿ.

ಜೆಲ್‌ನಿಂದ ಟ್ಯೂಬಿಗೆ ಬರುವವರು ಎಡವುವ ಜಾಗ ಎಲ್ಲರಿಗೂ ಒಂದೇ. ಜೆಲ್ ಕಾರ್ಡಿನಲ್ಲಿ ತೊಳೆಯುವ ಹಂತವಿಲ್ಲ. ಟ್ಯೂಬಿನಲ್ಲಿ ಆಂಟಿ ಹ್ಯೂಮನ್ ಗ್ಲೋಬ್ಯುಲಿನ್ (ಪ್ರತಿಕಾಯ ಅಂಟಿದ ಕಣಗಳನ್ನು ಗಡ್ಡೆ ಕಟ್ಟಿಸುವ ರೀಏಜೆಂಟ್) ಹಾಕುವ ಮುನ್ನ ಕೆಂಪುಕಣಗಳನ್ನು ಸಲೈನಿನಲ್ಲಿ ಹಲವು ಸಲ ತೊಳೆಯಬೇಕು. ಸರಿಯಾಗಿ ತೊಳೆಯದಿದ್ದರೆ ಉಳಿದ ಪ್ರೋಟೀನು ರೀಏಜೆಂಟನ್ನು ನಿಷ್ಕ್ರಿಯಗೊಳಿಸುತ್ತದೆ. ರೋಗಿಯಲ್ಲಿ ಅಪಾಯಕಾರಿ ಪ್ರತಿಕಾಯ ಇದ್ದರೂ ಟ್ಯೂಬು ‘ಇಲ್ಲ’ ಎನ್ನುತ್ತದೆ. ಅದನ್ನು ಹಿಡಿಯಲೆಂದೇ ‘ಇಲ್ಲ’ ಎಂದ ಪ್ರತಿ ಟ್ಯೂಬಿಗೂ ಚೆಕ್ ಸೆಲ್ (ಮೊದಲೇ ಪ್ರತಿಕಾಯ ಅಂಟಿಸಿದ ಕೆಂಪುಕಣಗಳು) ಹಾಕುತ್ತಾರೆ. ಹಾಕಿದ ಮೇಲೆ ಅವು ಗಡ್ಡೆ ಕಟ್ಟಲೇಬೇಕು. ಕಟ್ಟದಿದ್ದರೆ ಆ ‘ಇಲ್ಲ’ಕ್ಕೆ ಬೆಲೆಯಿಲ್ಲ, ಪರೀಕ್ಷೆಯನ್ನು ಮೊದಲಿನಿಂದ ಮಾಡಬೇಕು. ಜೆಲ್ ಮಾತ್ರ ಬಳಸಿದವರ ಕೈಗೆ ಈ ಹಂತದ ನೆನಪೇ ಇರುವುದಿಲ್ಲ. ಇನ್ನು ಟ್ಯೂಬನ್ನು ಅಲುಗಿಸಿ ಗಡ್ಡೆಯ ಬಲವನ್ನು ಓದುವುದಂತೂ ಪುಸ್ತಕದಿಂದ ಬರುವ ವಿದ್ಯೆಯಲ್ಲ. ಜೋರಾಗಿ ಅಲುಗಿಸಿದರೆ ದುರ್ಬಲ ಗಡ್ಡೆ ಒಡೆದೇಹೋಗುತ್ತದೆ. ಹಗಲಿನಲ್ಲಿ ಅನುಭವಿಗಳ ಪಕ್ಕ ಕೂತು ಒಂದಷ್ಟು ಮಾದರಿಗಳನ್ನು ಇಬ್ಬರೂ ಬೇರೆ ಬೇರೆ ಓದಿ ತಾಳೆ ನೋಡಿ.

ಒಬ್ಬರೇ ಇರುವ ಮೊದಲ ರಾತ್ರಿಗೂ ಮುನ್ನ ತಿಳಿದಿರಬೇಕಾದ ಕೆಲವು ಸಂಗತಿಗಳಿವೆ. ಪರೀಕ್ಷೆ ಮುಗಿಯುವ ಮೊದಲೇ ತುರ್ತಾಗಿ ರಕ್ತ ಕೇಳಿದರೆ ಓ ನೆಗೆಟಿವ್ ಚೀಲಗಳು ಯಾವ ತಟ್ಟೆಯಲ್ಲಿವೆ, ಆ ಹೊಣೆ ಹೊತ್ತು ಸಹಿ ಮಾಡುವ ವೈದ್ಯರ ನಮೂನೆ ಯಾವುದು. ಫ್ರಿಜ್ಜಿನ ಎಚ್ಚರಿಕೆ ಗಂಟೆ ಬಡಿದರೆ ಚೀಲಗಳನ್ನು ಎಲ್ಲಿಗೆ ಸಾಗಿಸಬೇಕು (ಕೆಂಪುಕಣಗಳಿಗೆ 1ರಿಂದ 6 ಡಿಗ್ರಿ ಸೆಲ್ಸಿಯಸ್ ಬೇಕು, ಪ್ಲೇಟ್‌ಲೆಟ್‌ಗಳನ್ನು ಮಾತ್ರ ಫ್ರಿಜ್ಜಿಗೆ ತಳ್ಳಬೇಡಿ, ಅವು 20ರಿಂದ 24 ಡಿಗ್ರಿಯಲ್ಲಿ ಅಲುಗಾಡುತ್ತಲೇ ಇರಬೇಕು). ರೋಗತಜ್ಞರನ್ನು ಮಧ್ಯರಾತ್ರಿ ಎಬ್ಬಿಸುವ ಸಂಖ್ಯೆ. ಎಬ್ಬಿಸಲು ಹಿಂಜರಿಯಬೇಡಿ, ಅವರ ನಿದ್ದೆ ನಿಮ್ಮ ಜವಾಬ್ದಾರಿಯಲ್ಲ.

ಇಷ್ಟೆಲ್ಲ ಕೇಳಿದ್ದಕ್ಕೆ ಒಂದು ಆಸ್ಪತ್ರೆ ನಿಮ್ಮ ಒಪ್ಪಂದ ಮುರಿದರೆ, ಮುರಿಯಲಿ. ಅಂಥ ರಕ್ತನಿಧಿಯಲ್ಲಿ ನಿಮ್ಮ ಸಹಿ ಇರದಿರುವುದೇ ಕ್ಷೇಮ.

ಪ್ರಶ್ನೆ: ಕಂಟ್ರೋಲ್ ಮಿತಿಯಿಂದ ಹೊರಗೆ ಬಂದಾಗ, ಒಳಗೆ ಬರುವವರೆಗೂ ಮತ್ತೆ ಮತ್ತೆ ಓಡಿಸು ಎನ್ನುತ್ತಾರೆ ಇಲ್ಲಿನ ಹಿರಿಯರು. ಹೊರಗಿನವಳಾದ ನಾನು ವಿರೋಧಿಸಬಹುದೇ?

ಈ ಪ್ರಶ್ನೆಗಾಗಿ ನಿಮಗೊಂದು ನಮಸ್ಕಾರ. ಇದು ಬಹಳ ಲ್ಯಾಬುಗಳ ಚಾಳಿ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಹಿರಿಯರ ವಾದದಲ್ಲಿ ಒಂದು ಅರ್ಧಸತ್ಯವಿದೆ, ಅದನ್ನು ಮೊದಲು ಒಪ್ಪಿಕೊಳ್ಳೋಣ. ಯಂತ್ರ ಸಂಪೂರ್ಣ ಆರೋಗ್ಯವಾಗಿದ್ದಾಗಲೂ ನೂರರಲ್ಲಿ ಸುಮಾರು ಐದು ಸಲ ಕಂಟ್ರೋಲ್ ಎರಡು ಎಸ್‌ಡಿ (ಸ್ಟ್ಯಾಂಡರ್ಡ್ ಡೀವಿಯೇಶನ್, ಅಂಕಿಗಳು ಸರಾಸರಿಯಿಂದ ಎಷ್ಟು ಚದುರುತ್ತವೆ ಎಂಬುದರ ಅಳತೆ) ಗೆರೆಯಿಂದ ಹೊರಗೆ ಬೀಳುತ್ತದೆ. ಅದು ಬರಿಯ ಸಂಭವನೀಯತೆ. ಎರಡು ಹಂತದ ಕಂಟ್ರೋಲ್ ಇಟ್ಟರೆ ಎರಡರಲ್ಲಿ ಒಂದಾದರೂ ಹೊರಗೆ ಬರುವ ಸಾಧ್ಯತೆ ನೂರಕ್ಕೆ ಹತ್ತರ ಹತ್ತಿರ. ಆದ್ದರಿಂದ ಒಮ್ಮೆ ಎರಡು ಎಸ್‌ಡಿ ದಾಟಿದ್ದಕ್ಕೇ ಯಂತ್ರ ನಿಲ್ಲಿಸುವುದು ಅತಿ. ಲೀವಿ ಮತ್ತು ಜೆನ್ನಿಂಗ್ಸ್ 1950ರಲ್ಲಿ ಕ್ಲಿನಿಕಲ್ ಲ್ಯಾಬಿಗೆ ತಂದ, ಕಂಟ್ರೋಲ್ ಅಂಕಿಗಳನ್ನು ಚುಕ್ಕೆಗಳಾಗಿ ಗುರುತಿಸುವ ನಕ್ಷೆಯನ್ನು ಇಂದಿಗೂ ಗೋಡೆಯ ಮೇಲೋ ಪರದೆಯ ಮೇಲೋ ನೋಡುತ್ತೀರಿ. 1981ರಲ್ಲಿ ಜೇಮ್ಸ್ ವೆಸ್ಟ್‌ಗಾರ್ಡ್ ಮತ್ತು ಸಂಗಡಿಗರು ಅದಕ್ಕೆ ಹಲವು ನಿಯಮಗಳನ್ನು ಜೋಡಿಸಿದ್ದು ಈ ಗೊಂದಲಕ್ಕಾಗಿಯೇ. ಒಂದು ಸಲ ಎರಡು ಎಸ್‌ಡಿ ದಾಟಿದರೆ ಎಚ್ಚರಿಕೆ. ಒಂದೇ ಸಲ ಮೂರು ಎಸ್‌ಡಿ ದಾಟಿದರೆ ತಿರಸ್ಕಾರ. ಸತತ ಎರಡು ಸಲ ಒಂದೇ ಬದಿಗೆ ಎರಡು ಎಸ್‌ಡಿ ದಾಟಿದರೆ ತಿರಸ್ಕಾರ. ಹತ್ತು ಸಲ ಸತತವಾಗಿ ಸರಾಸರಿಯ ಒಂದೇ ಪಕ್ಕದಲ್ಲಿ ಬಿದ್ದರೂ ಏನೋ ನಿಧಾನವಾಗಿ ಸರಿಯುತ್ತಿದೆ ಎಂದೇ ಅರ್ಥ.

ಒಳಗೆ ಬರುವವರೆಗೂ ಓಡಿಸುವುದು ಇದ್ಯಾವುದೂ ಅಲ್ಲ. ಪರೀಕ್ಷೆಯಲ್ಲಿ ಪಾಸಾಗುವವರೆಗೂ ಪ್ರಶ್ನೆಪತ್ರಿಕೆ ಬದಲಿಸಿದಂತೆ. ನೀವು ಮಾಡಬೇಕಾದದ್ದು ಇಷ್ಟು: ಹಿಂದಿನ ಎರಡು ವಾರದ ನಕ್ಷೆ ತೆರೆಯಿರಿ. ಚುಕ್ಕೆಗಳು ಒಂದೇ ಕಡೆ ಜಾರುತ್ತಿವೆಯೇ, ರೀಏಜೆಂಟ್ ಲಾಟ್ ಬದಲಾದ ದಿನದಿಂದ ಎಗರಿವೆಯೇ ನೋಡಿ. ಕಂಟ್ರೋಲ್ ಶೀಶೆ ತೆರೆದ ದಿನಾಂಕ ನೋಡಿ. ಅವಧಿ ಮುಗಿದ ಶೀಶೆಯನ್ನು ಹತ್ತು ಸಲ ಓಡಿಸಿದರೂ ಅದು ಹೊಸದಾಗುವುದಿಲ್ಲ. ಏನು ಮಾಡಿದಿರಿ, ಏನು ಕಂಡಿತು ಎಂಬುದನ್ನು ದಾಖಲಿಸಿ. ಫಲಿತಾಂಶಗಳನ್ನು ಅಲ್ಲಿಯವರೆಗೆ ತಡೆಹಿಡಿಯಿರಿ. ಹಿರಿಯರೊಡನೆ ವಾದಕ್ಕಿಳಿಯಬೇಡಿ, ಅವರ ಎಸ್‌ಒಪಿಯ ಆ ಪುಟವನ್ನೇ ತೋರಿಸಿ ‘ಇದರಂತೆ ಮಾಡಲೇ?’ ಎಂದು ಕೇಳಿ. ‘ಬೇಡ’ ಎಂದು ಹೇಳುವ ಧೈರ್ಯ ಬಹಳ ಜನಕ್ಕೆ ಇರುವುದಿಲ್ಲ. ಹೊರಗಿನವಳೆಂಬುದು ಇಲ್ಲಿ ಅನುಕೂಲವೇ: ಬಡ್ತಿ, ರಜೆ, ಮುಂದಿನ ವರ್ಷದ ಪಾಳಿ ಯಾವುದೂ ಅವರ ಕೈಯಲ್ಲಿಲ್ಲ.

ಪ್ರಶ್ನೆ: ಬಣ್ಣ ಗುರುತಿಸುವಲ್ಲಿ ನನಗೆ ಸ್ವಲ್ಪ ತೊಂದರೆ ಇದೆ. ಈ ಕೆಲಸಕ್ಕೆ ಬರಬಹುದೇ?

ಎಷ್ಟೋ ಆಸ್ಪತ್ರೆಗಳು ಸೇರುವ ಮುನ್ನ ಬಣ್ಣದ ಪರೀಕ್ಷೆ ಮಾಡುತ್ತವೆ, ಆದ್ದರಿಂದ ಮುಚ್ಚಿಡಲು ಹೋಗಬೇಡಿ. ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ಗುರುತಿಸುವ ಗ್ರಾಂ ಸ್ಟೇನಿನಲ್ಲಿ ನೇರಳೆಗೂ ಗುಲಾಬಿಗೂ ವ್ಯತ್ಯಾಸ ಕಾಣದಿದ್ದರೆ ಮೈಕ್ರೋಬಯಾಲಜಿ ಕಷ್ಟ. ಯಂತ್ರಗಳೇ ಹೆಚ್ಚು ದುಡಿಯುವ ಬಯೋಕೆಮಿಸ್ಟ್ರಿಯಲ್ಲಿ ಅವಕಾಶವಿದೆ. ಸಂಚಾರಿ ಕೆಲಸದಲ್ಲಿ ಮಾತ್ರ ಎಲ್ಲ ವಿಭಾಗಕ್ಕೂ ಕೈ ಹಾಕಬಲ್ಲವರಿಗೇ ಬೇಡಿಕೆ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ರಶ್ನೆ: ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಏನೇನು ನೋಡಬೇಕು?

ವಾರಕ್ಕೆ ಇಷ್ಟು ಗಂಟೆಯ ಕೆಲಸ ಖಚಿತ ಎಂದು ಬರೆದಿದೆಯೇ? ಬರೆದಿಲ್ಲವಾದರೆ ಮಾದರಿಗಳು ಕಡಿಮೆಯಾದ ದಿನ ಮನೆಗೆ ಕಳುಹಿಸುತ್ತಾರೆ, ಸಂಬಳವೂ ಹೋಗುತ್ತದೆ. ಆಸ್ಪತ್ರೆ ಮಧ್ಯದಲ್ಲೇ ಒಪ್ಪಂದ ಮುರಿದರೆ ಎಷ್ಟು ದಿನ ಮೊದಲು ತಿಳಿಸಬೇಕು, ಬಾಡಿಗೆಗೆ ಹಿಡಿದ ಮನೆಯ ನಷ್ಟ ಯಾರದು? ಯಾವ ವಿಭಾಗ ಎಂದು ಸ್ಪಷ್ಟವಾಗಿ ಬರೆಸಿ. ‘ಪ್ರಯೋಗಾಲಯದ ಎಲ್ಲ ಕೆಲಸ’ ಎಂಬ ಸಾಲಿನಡಿ ರಕ್ತ ತೆಗೆಯುವುದರಿಂದ ಹಿಡಿದು ಪಕ್ಕದ ಊರಿನ ಶಾಖೆಯವರೆಗೆ ಎಲ್ಲವೂ ತೂರಿಕೊಳ್ಳುತ್ತದೆ. ಏಜೆನ್ಸಿಯವರು ಫೋನಿನಲ್ಲಿ ಮಧುರವಾಗಿ ಹೇಳಿದ್ದು ಕಾಗದದಲ್ಲಿಲ್ಲವೆಂದರೆ ಹೇಳೇ ಇಲ್ಲ ಎಂದು ತಿಳಿಯಿರಿ. ಹೆಪಟೈಟಿಸ್ ಬಿ ಲಸಿಕೆ, ಕ್ಷಯದ ತಪಾಸಣೆ ಇತ್ಯಾದಿ ದಾಖಲೆಗಳನ್ನು ಒಂದು ಕಡತದಲ್ಲಿ ಸದಾ ಸಿದ್ಧವಾಗಿಡಿ. ಪ್ರತಿ ಆಸ್ಪತ್ರೆಯೂ ಅವನ್ನು ಹೊಸದಾಗಿ ಕೇಳುತ್ತದೆ.

ಪ್ರಶ್ನೆ: ಅಮೆರಿಕದಲ್ಲಿ ಈ ರೀತಿಯ ಕೆಲಸಕ್ಕೆ ಬಹಳ ಬೇಡಿಕೆಯಂತೆ. ನೇರವಾಗಿ ಅಲ್ಲಿಗೆ ಹೋಗಿ ಸಂಚಾರಿ ತಂತ್ರಜ್ಞನಾಗಬಹುದೇ?

ನೇರವಾಗಿ ಎಂಬುದೇ ಕಷ್ಟ. ಅಲ್ಲಿ ಸಾಮಾನ್ಯವಾಗಿ 13 ವಾರಗಳ ಒಪ್ಪಂದ, ನಿಜ. ಆದರೆ ಮೊದಲು ನಿಮ್ಮ ಪದವಿಯ ಮೌಲ್ಯಮಾಪನ ಆಗಬೇಕು. ಬಹುಪಾಲು ಆಸ್ಪತ್ರೆಗಳು ಕೇಳುವುದು ಎಎಸ್‌ಸಿಪಿ (ಅಮೆರಿಕದ ಕ್ಲಿನಿಕಲ್ ಪೆಥಾಲಜಿ ಸಂಘ) ಪ್ರಮಾಣಪತ್ರ; ಅದಕ್ಕೆ 100 ಪ್ರಶ್ನೆಗಳ ಕಂಪ್ಯೂಟರ್ ಪರೀಕ್ಷೆ, ಎರಡೂವರೆ ಗಂಟೆ. ನೀವು ಸರಿ ಉತ್ತರ ಕೊಟ್ಟಷ್ಟೂ ಮುಂದಿನ ಪ್ರಶ್ನೆ ಕಠಿಣವಾಗುತ್ತ ಹೋಗುತ್ತದೆ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ಕೆಲವು ರಾಜ್ಯಗಳಿಗೆ ತಮ್ಮದೇ ಪರವಾನಗಿ ಬೇಕು, ಅದು ಬರಲು ಸಮಯ ಹಿಡಿಯುತ್ತದೆ. ಕೆಲಸಕ್ಕೆ ಸೇರಿದ ಮೇಲೂ 1988ರ ಸಿಎಲ್‌ಐಎ ಎಂಬ ಪ್ರಯೋಗಾಲಯ ಗುಣಮಟ್ಟದ ಕಾನೂನಿನಡಿ ಮೊದಲ ವರ್ಷ ಎರಡು ಸಲ, ನಂತರ ವರ್ಷಕ್ಕೊಮ್ಮೆ ನಿಮ್ಮ ಸಾಮರ್ಥ್ಯವನ್ನು ಅಳೆಯುತ್ತಾರೆ.

ಏಜೆಂಟರು ಹೇಳದ ತೊಡಕು ವೀಸಾ. ಎಚ್-1ಬಿ ವೀಸಾ ಒಬ್ಬ ಉದ್ಯೋಗದಾತನಿಗೂ ಒಂದು ಕೆಲಸದ ಪ್ರದೇಶಕ್ಕೂ ಅಂಟಿಕೊಂಡಿರುತ್ತದೆ. ಆ ಪ್ರದೇಶದ ಹೊರಗಿನ ಆಸ್ಪತ್ರೆಗೆ ಹೋಗಬೇಕಾದರೆ ಉದ್ಯೋಗದಾತ ತಿದ್ದುಪಡಿ ಅರ್ಜಿ ಹಾಕಬೇಕು. ಮೂರು ತಿಂಗಳಿಗೊಮ್ಮೆ ಹಾಗೆ ಮಾಡಲು ಮನಸ್ಸಿರುವವರು ವಿರಳ. ಆದ್ದರಿಂದ ಹೊರಗಿನಿಂದ ಹೋದವರು ಸಾಮಾನ್ಯವಾಗಿ ಮೊದಲು ಒಂದೇ ಕಡೆ ಕಾಯಂ ಆಗಿ ದುಡಿದು, ಶಾಶ್ವತ ವಾಸದ ಹಕ್ಕು ಸಿಕ್ಕ ಮೇಲೆ ಸಂಚಾರಕ್ಕೆ ಇಳಿಯುತ್ತಾರೆ. ಇದಕ್ಕಿಂತ ಬೇಗ ಮಾಡಿಕೊಡುತ್ತೇವೆಂದು ಮುಂಗಡ ಹಣ ಕೇಳುವವರಿಂದ ದೂರವಿರಿ.

ಪ್ರಶ್ನೆ: ಹೊಸ ಲ್ಯಾಬಿಗೆ ಹೋಗುವಾಗ ಚೀಲದಲ್ಲಿ ಏನಿಟ್ಟುಕೊಳ್ಳುತ್ತೀರಿ?

ಒಂದು ಟೈಮರ್, ಅಳಿಸಿಹೋಗದ ಮಾರ್ಕರ್‌ಗಳು, ಮುಚ್ಚಿದ ಬೂಟುಗಳು, ಒಂದು ಸಣ್ಣ ಟಿಪ್ಪಣಿ ಪುಸ್ತಕ. ಪುಸ್ತಕದಲ್ಲಿ ಫೋನ್ ಸಂಖ್ಯೆಗಳು, ಬೀಗದ ಕೈ ಯಾರ ಬಳಿ ಎಂಬಂಥವನ್ನು ಬರೆಯಿರಿ. ರೋಗಿಯ ಹೆಸರು, ಸಂಖ್ಯೆ ಎಂದಿಗೂ ಬರೆಯಬೇಡಿ. ಪರೀಕ್ಷೆ ಮಾಡುವ ವಿಧಾನವನ್ನೂ ಅದರಲ್ಲಿ ನಕಲು ಮಾಡಿಕೊಂಡು ಬೆಂಚಿನ ಮೇಲಿಡಬೇಡಿ. ಎಸ್‌ಒಪಿ ಬದಲಾಗುತ್ತದೆ, ನಿಮ್ಮ ಪುಸ್ತಕ ಬದಲಾಗುವುದಿಲ್ಲ. ತಪಾಸಣೆಗೆ ಬಂದವರು ಅಂಥ ಖಾಸಗಿ ಚೀಟಿಗಳನ್ನೇ ಮೊದಲು ಎತ್ತಿ ತೋರಿಸುತ್ತಾರೆ. ಮೊದಲ ದಿನ ಒಬ್ಬ ಹಿರಿಯರು ಪ್ರೀತಿಯಿಂದ ತಮ್ಮ ಹಳೆಯ ಚೀಟಿಗಳ ಕಟ್ಟನ್ನು ನಿಮ್ಮ ಕೈಗಿಡಬಹುದು. ಧನ್ಯವಾದ ಹೇಳಿ ತೆಗೆದುಕೊಳ್ಳಿ, ಆಮೇಲೆ ಒಂದೊಂದನ್ನೂ ಕಡತದೊಡನೆ ಹೋಲಿಸಿ ನೋಡಿ. ಎಲ್ಲಿ ಹೊಂದುವುದಿಲ್ಲವೋ ಅದನ್ನು ಮೇಲ್ವಿಚಾರಕರಿಗೆ ತೋರಿಸಿ ಕೇಳಿ. ಒಮ್ಮೊಮ್ಮೆ ಚೀಟಿಯೇ ಸರಿಯಿದ್ದು, ಕಡತವನ್ನೇ ತಿದ್ದಬೇಕಾದದ್ದೂ ಉಂಟು.